ಮಾರ್ಚ್ ಒಂಬತ್ತರ ಗೆರೆ

ಶಿರೂರು,
12 ಏಪ್ರಿಲ್ 1979

ಸಬನೀಸ ಸರ್ ಅವರಿಗೆ ನಮಸ್ಕಾರ.

ಮಾರ್ಚ್ ಒಂಬತ್ತರ ಮಧ್ಯಾಹ್ನ, ಆಕಾಶದ ರೇಡಿಯೊ ಅಲೆಗಳನ್ನು ಗೆರೆಯಾಗಿ ಬರೆಯುವ ಯಂತ್ರದ ಪೆನ್ನು ಕಾಗದದ ತುದಿಗೆ ಜಿಗಿದದ್ದು ನಿಮ್ಮ ನಕ್ಷತ್ರದಿಂದಲ್ಲ, ನನ್ನಿಂದ. ಒಂದು ತಿಂಗಳು ಇದನ್ನು ಮುಚ್ಚಿಟ್ಟೆ.

ಆಂಟೆನಾದ ಹತ್ತಿರ ಯಾವ ಎಂಜಿನ್ನೂ ಹಚ್ಚಬಾರದೆಂದು ಹೇಳಿ, ನೀವು ಕಾವಲಿಗೆ ನನ್ನನ್ನು ಕೂರಿಸಿದ್ದಿರಿ. ಅವತ್ತು ಅವ್ವ ಕುರಿ ಹೊಡೆದುಕೊಂಡು ಬಂದಳು. “ಕನಕ್ಯಾ, ನಿನ್ನ ಚುಕ್ಕಿ ನಾಳಿನೂ ಇರ್ತಾವು, ಮರಿ ಈಗ ಸಾಯಾಕತ್ತಾವು” ಎಂದಳು. ಪಕ್ಕದ ಬಾವಿಯ ಸೀಮೆಎಣ್ಣೆ ಪಂಪ್ ಹಚ್ಚಿ ಹನ್ನೆರಡು ನಿಮಿಷ ನೀರು ಕುಡಿಸಿದೆ. ಅದರ ಪ್ಲಗ್ಗಿನ ಕಿಡಿ ಎಬ್ಬಿಸಿದ ಅಲೆಯೇ ಆ ಗೆರೆ.

ನೀವು ಬಂದು ನೋಡಿ, “ಎಳೇ ನಕ್ಷತ್ರ, ಗರಗರ ತಿರಗತದ. ಅದರ ಕಾಂತಶಕ್ತಿ ಸಿಡದು ರೇಡಿಯೊ ಅಲಿ ಬಂದದ. ಸಾಲಿ ಬಿಟ್ಟ ನಿನ್ನ ಕೈಗೇ ಸಿಕ್ಕದ ನೋಡು!” ಎಂದು ಬೆನ್ನು ತಟ್ಟಿದಿರಿ.

ಸೋಮವಾರ ಬೆಂಗಳೂರಿನ ಸಭೆಯಲ್ಲಿ ಅದರ ವರದಿ ಓದುತ್ತೀರಂತೆ. ಬಾಗಲಕೋಟೆಗೆ ಹೋಗಿ ಮೂರು ಸಲ ಟ್ರಂಕ್ ಕಾಲ್ ಬುಕ್ ಮಾಡಿದೆ, ಲೈನ್ ಸಿಗಲಿಲ್ಲ. ಬೆಂಗಳೂರಿಗೆ ಹೊರಟ ಲಾರಿಯ ಡ್ರೈವರ್ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಕೈಮುಗಿಯುತ್ತೇನೆ, ಆ ವರದಿ ಓದಬೇಡಿ ಸರ್. ಅಷ್ಟು ಜನರ ಎದುರು ನಿಮ್ಮ ಮಾನ ಹೋಗುತ್ತದೆ.

ಆದರೆ ಪಂಪ್ ಹಚ್ಚುವುದಕ್ಕೆ ಐದು ನಿಮಿಷ ಮೊದಲು ಕಾಗದದ ಗೆರೆಯಲ್ಲಿ ಸಣ್ಣದೊಂದು ಏರು ಇದೆ. ಆಗ ಸುತ್ತಮುತ್ತ ಯಾವ ಎಂಜಿನ್ನೂ ಓಡುತ್ತಿರಲಿಲ್ಲ, ನಾನು ಅಲ್ಲೇ ಕೂತಿದ್ದೆ. ಮುಚ್ಚಿಟ್ಟವನ ಮಾತೆಂದು ಅದನ್ನು ಮಾತ್ರ ಬಿಡಬೇಡಿ.

ಯಂತ್ರವಿರುವ ಶೆಡ್ಡಿನ ಬೀಗದ ಕೈ ಹೆಡ್‌ಮಾಸ್ತರರ ಹತ್ತಿರ ಇದೆ. ನಾಳೆ ಬೆಳಿಗ್ಗೆ ಅವ್ವನ ಜೊತೆ ಕುರಿ ಹೊಡೆದುಕೊಂಡು ನೀರಿಗಾಗಿ ಹೊಳೆಯ ಕಡೆ ಹೊರಡುತ್ತೇನೆ.

ಇಂತಿ,
ಕನಕಪ್ಪ