ಮೇಡಂ ಅನ್ನೋ ಅಪ್ಪ

ಹಾಸ್ಟೆಲ್, ರೂಮ್ ನಂಬರ್ ಹದಿನಾಲ್ಕು
ಬುಧವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಪ್ಪನಿಗೆ,

ಸಾರಿ, ಕಾಗದ ಬರೀತಿದೀನಿ. ನಲವತ್ತು ನಿಮಿಷದ ಬಸ್ ದಾರಿಗೆ ಯಾರಾದ್ರೂ ಕಾಗದ ಬರೀತಾರಾ ಅಂತ ನೀವು ನಗಬಹುದು. ಆದ್ರೆ ಫೋನಲ್ಲಿ ನೀವು "ಅಂಗಡೀಲಿ ಗಿರಾಕಿ ಇದಾರಮ್ಮಾ" ಅಂತೀರಿ, ನಾನು "ಸರಿ ಅಪ್ಪ" ಅಂತೀನಿ, ಮುಗೀತು. ಕಾಗದಕ್ಕಾದ್ರೆ ಮಧ್ಯೆ ಬಾಯಿ ಹಾಕೋಕಾಗಲ್ಲ. ಮೂರು ಸಲ ಹರಿದು ಹಾಕಿ ಇದು ನಾಲ್ಕನೇದು. ಕನ್ನಡ ಸೊಟ್ಟಗಿದ್ರೆ ಕ್ಷಮಿಸಿ, ಹನ್ನೆರಡು ವರ್ಷದ ಇಂಗ್ಲಿಷ್ ಹಾಸ್ಟೆಲಿನ ಫಲ. ಕನ್ನಡಕ ರಿಪೇರಿಗೆ ನಿಮ್ಮ ಅಂಗಡಿಗೆ ಬರೋ ರೂಮ್‌ಮೇಟ್ ಕೈಲಿ ಕಳಿಸ್ತಿದೀನಿ.

ಇಂಟರ್ನಲ್ಸ್ ಚೆನ್ನಾಗಾಯ್ತು. ಕೆಮಿಸ್ಟ್ರಿ ಅಷ್ಟಕ್ಕಷ್ಟೆ. ಸೋಮವಾರ ವಾರ್ಡನ್ ಆಂಟಿ ನಿಮಗೆ ಫೋನ್ ಮಾಡಿ "ನಿಮ್ಮ ಮಗಳು ರೂಮಲ್ಲಿ ಇಲಿ ಸಾಕಿದಾಳೆ" ಅಂದ್ರಂತೆ. ನೀವು "ಬಿಸಾಕ್ಸಿ" ಅಂದ್ರಂತೆ. ಇಲಿ ಅಲ್ಲಪ್ಪ, ಜರ್ಬಿಲ್. ಮರುಭೂಮಿಯ ಪ್ರಾಣಿ. ಅಂಗೈಯಲ್ಲಿ ಹಿಡಿಸುತ್ತೆ, ಬಾಲದ ತುದೀಲೊಂದು ಕುಚ್ಚು. ಭಯ ಆದ್ರೆ ಹಿಂಗಾಲಲ್ಲಿ ಡಬಡಬ ಅಂತ ನೆಲ ಬಡಿಯುತ್ತೆ, ವೈವಾ ದಿನ ನನ್ನ ಮಂಡಿ ಬಡ್ಕೊಳ್ಳೋ ಹಾಗೆ.

ಮಾರಿದವನು ಜೋಡೀನ ಗಾಜಿನ ಟ್ಯಾಂಕ್ ಸಮೇತ ಕೊಡ್ತಾ "ಎರಡೂ ಹೆಣ್ಣೇ, ಗ್ಯಾರಂಟಿ" ಅಂದಿದ್ದ. ಬೂದು ಬಣ್ಣದ್ದಕ್ಕೆ ಬೂದಿ ಅಂತ ಹೆಸರಿಟ್ಟೆ. ಇನ್ನೊಂದು ಎರಡು ಕಾಲ ಮೇಲೆ ನಿಂತು ಅಟೆಂಡೆನ್ಸ್ ತಗೊಳ್ಳೋ ಥರ ನೋಡ್ತಿತ್ತು, ಅದಕ್ಕೆ ಮೇಡಂ. ಹೋದ ತಿಂಗಳು ಬೂದಿ ಐದು ಮರಿ ಹಾಕಿದಳು. ರೂಮ್‌ಮೇಟ್ ಬಿದ್ದು ಬಿದ್ದು ನಕ್ಕಳು. "ಕಂಗ್ರಾಟ್ಸ್ ಕಣೇ, ನಿಮ್ಮ ಮೇಡಂ ಅಪ್ಪ ಆದ್ರು!"

ಮರಿಗಳಿಗೆ ಕೂದಲಿಲ್ಲ, ಕಣ್ಣು ತೆರೆದಿಲ್ಲ, ಗುಲಾಬಿ ರಬ್ಬರ್ ತುಂಡುಗಳ ಹಾಗಿದ್ವು. ವಾರ್ಡನ್ ಆಂಟಿ ಬಗ್ಗಿ ನೋಡಿ, "ಅಯ್ಯೋ, ಗಂಡು ಮರೀನ ತಿಂದುಬಿಡುತ್ತೆ, ಮೊದಲು ಬೇರೆ ಹಾಕು. ಗಂಡಿಗೆ ಮರಿ ಸಾಕೋಕೆ ಬರುತ್ತಾ?" ಅಂದ್ರು. ನಾನು ಯಾವತ್ತಿನ ಹಾಗೆ ಹೂಂ ಅಂತ ತಲೆ ಅಲ್ಲಾಡಿಸಿದೆ. ಮೇಡಂನನ್ನ ಬಕೆಟ್ಟಿಗೆ ಹಾಕಿ ಮಂಚದ ಕೆಳಗಿಟ್ಟೆ.

ಅದೇ ನನ್ನ ತಪ್ಪು. ಅವನು ಬಕೆಟ್ ಕೆರೆದದ್ದೇ ಕೆರೆದದ್ದು. ಬೂದಿ ತಿನ್ನೋಕೆ ಎದ್ದಾಗೆಲ್ಲ ಮರಿಗಳು ತಣ್ಣಗಾಗ್ತಿದ್ವು. ಮೂರನೇ ದಿನ ಒಂದು ಸತ್ತೇ ಹೋಯ್ತು. ನಾಲ್ಕನೇ ದಿನ ತಡೀಲಾರದೆ ಅವನನ್ನ ವಾಪಸ್ ಬಿಟ್ಟೆ. ಬೂದಿ ಅವನ ಮೇಲೆ ಹಾರಿ ಕಚ್ಚಿ ರಕ್ತ ಬರಿಸಿಬಿಟ್ಟಳು, ಯಾರೋ ಏನೋ ಅನ್ನೋ ಹಾಗೆ.

ಜುವಾಲಜಿ ಲ್ಯಾಬಿನ ಅಟೆಂಡರ್ ಅಂಕಲ್ ಹತ್ರ ಓಡಿದೆ. "ಇವಕ್ಕೆ ವಾಸನೇನೇ ಸಂಬಂಧ ಕಣಮ್ಮಾ" ಅಂದ್ರು. "ನಾಲ್ಕು ದಿನ ದೂರ ಇಟ್ರೆ ಗಂಡನ ಗುರುತೂ ಹೋಗುತ್ತೆ. ಟ್ಯಾಂಕಿನ ನಡುವೆ ಜಾಲರಿ ಹಾಕು. ಈ ಕಡೆಯವರನ್ನ ಆ ಕಡೆ, ಆ ಕಡೆಯವನನ್ನ ಈ ಕಡೆ ದಿನಾ ಬದಲಾಯಿಸು. ಒಬ್ಬರ ಹಾಸಿಗೇಲಿ ಇನ್ನೊಬ್ಬರು ಮಲಗಲಿ. ಜಾಲರಿಗೆ ಮೂಗು ಒತ್ತಿ ಎರಡೂ ಮಲಗಿದ ದಿನ ತೆಗಿ. ಆಮೇಲೆ ಇನ್ನಷ್ಟು ಮರಿ ಆಯ್ತು ಅಂತ ಅಳ್ತಾ ಬರಬೇಡ, ಅಷ್ಟೆ."

ಜಾಲರಿ ಹಾಕಿದ ಎಂಟನೇ ದಿನ ಹಾಗೇ ಮಲಗಿದ್ವು. ಜಾಲರಿ ತೆಗೆದೆ. ಈಗ ಬೂದಿ ಎದ್ದ ತಕ್ಷಣ ಮೇಡಂ ಬಂದು ಮರಿಗಳ ಮೇಲೆ ಕೂರ್ತಾನೆ. ತೆವಳ್ಕೊಂಡು ಹೋದ ಮರೀನ ಬಾಯಲ್ಲಿ ಕಚ್ಕೊಂಡು ತಂದು ಗೂಡಿಗೆ ಹಾಕ್ತಾನೆ. ನಾಲ್ಕೂ ಕಣ್ಣು ಬಿಟ್ಟಿವೆ ಅಪ್ಪ.

ಇದನ್ನ ಆಂಟಿಗೆ ತೋರಿಸಿದೆ. "ನಾಟಕ ಸಾಕು. ಶನಿವಾರದೊಳಗೆ ಆ ಗಂಡು ಹೋಗಬೇಕು, ಇಲ್ಲಾ ಎಲ್ಲವೂ ಹೋಗಬೇಕು" ಅಂದ್ರು.

"ಬೇರೆ ಮಾಡಲ್ಲ ಆಂಟಿ. ಹೋದ್ರೆ ಎಲ್ಲರೂ ಒಟ್ಟಿಗೆ ಹೋಗ್ತೀವಿ" ಅಂದೆ. ತಲೆ ಅಲ್ಲಾಡಿಸೋದೇ ನನ್ನ ಅಭ್ಯಾಸ. ಆದ್ರೂ ಅಂದೆ. ರೂಮ್‌ಮೇಟ್ ಬಾಯಿ ಬಿಟ್ಕೊಂಡು ನೋಡ್ತಿದ್ದಳು.

ಆದ್ದರಿಂದ ಶನಿವಾರ ಮನೆಗೆ ಬರ್ತಿದೀವಿ. ಟ್ಯಾಂಕು, ಆರು ಜೀವ, ನಾನು. ಇನ್ಮೇಲೆ ಮನೆಯಿಂದಲೇ ಕಾಲೇಜಿಗೆ ಹೋಗ್ತೀನಿ. ಪರ್ಮಿಶನ್ ಕೇಳ್ತಿಲ್ಲ, ತಿಳಿಸ್ತಿದೀನಿ. ಕನ್ನಡಕದ ಫ್ರೇಮ್ ಬರೋ ರಟ್ಟಿನ ಡಬ್ಬಗಳನ್ನ ಬಿಸಾಡಬೇಡಿ, ಅವಕ್ಕೆ ಕಡಿಯೋಕೆ ಬೇಕು.

ಲೆನ್ಸ್ ಉಜ್ತಾ ಊಟ ಮರೀಬೇಡಿ. ಮಕ್ಕಳು ಹೇಳೋ ಮಾತಲ್ಲ ಇದು, ಆದ್ರೂ ಹೇಳ್ತೀನಿ, ನಿಮಗೆ ಒಳ್ಳೇದಾಗ್ಲಿ.

ನಿಮ್ಮ ಮಗಳು

ಬರೆಯದೆ ಬಿಟ್ಟಿದ್ದು: ಅಮ್ಮ ಹೋಗಿ ಮೂರು ವಾರ ಆಗಿತ್ತು, ನನಗೆ ಆರು ವರ್ಷ. ಅತ್ತೆ ನಿಮಗೆ "ಗಂಡಸೊಬ್ಬ ಹೆಣ್ಣು ಮಗೂನ ಹೇಗೆ ಸಾಕ್ತೀಯೋ? ಹಾಸ್ಟೆಲ್ಲಿಗೆ ಹಾಕು" ಅಂದಾಗ ನಾನು ಬಾಗಿಲ ಹಿಂದಿದ್ದೆ. "ನಾನೇ ಸಾಕ್ತೀನಿ" ಅಂತ ಒಂದು ಸಲ ಅಂತೀರೇನೋ ಅಂತ ಕಾದೆ. ನೀವು ಹೂಂ ಅಂತ ತಲೆ ಅಲ್ಲಾಡಿಸಿದ್ರಿ. ಈಗಲೂ ರಜಕ್ಕೆ ಬಂದಾಗ ನಮ್ಮ ಮನೆಯ ವಾಸನೆ ನನಗೆ ಹೊಸದು. ಬೇಕಾದ್ರೆ ಮೊದಲು ಜಾಲರಿ ಹಾಕ್ಕೊಂಡೇ ಇರೋಣ ಅಪ್ಪ. ನನ್ನ ರೂಮ್‌ಮೇಟ್ ಅಂಗಡೀಲಿ ಕಾಯ್ತಿರ್ತಾಳೆ, ಬೇಗ ಉತ್ತರ ಬರೆದು ಅವಳ ಕೈಲೇ ಕಳಿಸಿ.