ಹೊನ್ನಾಳಿಯಿಂದ ಆಚೆಗಿನ ತಂತಿ

9 ಆಗಸ್ಟ್ 1983, ಮಂಗಳವಾರ

ಓಬವ್ವನ ಮೊಮ್ಮಗು ಉಳಿಯಲಿಲ್ಲ, ಮಗಳು ಬದುಕಿದ್ದಾಳೆ. ಸಂಜೆ ಲೈನ್‌ಮನ್ ಬೀರಲಿಂಗಪ್ಪ ಬಂದು ಹೇಳಿದ.

ಬೆಳಿಗ್ಗೆ ಮರ ಬಿದ್ದು ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಿಂದ ದಾವಣಗೆರೆಗೆ ಹೋಗುವ ನೇರ ಲೈನ್ ತುಂಡಾಗಿತ್ತು. ಕಚೇರಿ ಗುಡಿಸುವ ಓಬವ್ವ, ಹೆರಿಗೆ ಕಷ್ಟವಾಗಿದ್ದ ಮಗಳಿಗೆ ಆಂಬುಲೆನ್ಸ್ ಕರೆಸಲು ಓಡಿ ಬಂದಳು. “ಸೋಮವಾರ ಸೋಮವಾರ ನಗ್ತಾ ಮಾತಾಡ್ತೀರಲ್ಲ ಸಾಮಿ, ಆ ಲೈನ್‌ನಾಗೆ ಕೇಳ್ರಿ” ಎಂದಳು. ಅದು ಹೊನ್ನಾಳಿ ಮೂಲಕ ದಾವಣಗೆರೆಗೆ ಹೋಗುವ ಬದಲಿ ಲೈನ್. ಹೊನ್ನಾಳಿಯ ಆಪರೇಟರ್ ಹಾಲಸ್ವಾಮಿ ತಕ್ಷಣ ಸಿಕ್ಕರು. ಅಲ್ಲಿಂದ ಮುಂದೆ ಸದ್ದೇ ಇಲ್ಲ. ತಾಮ್ರದ ತಂತಿ ಕಳುವಾಗಿ ಎಷ್ಟು ಕಾಲವಾಯಿತೋ, ಕಂಬಗಳಿಗೆ ಬಳ್ಳಿ ಹಬ್ಬಿದೆಯಂತೆ. ಶಿವಮೊಗ್ಗದ ಮೂಲಕ ಸುತ್ತಿಸಿ ಕರೆ ಸಿಗುವಷ್ಟರಲ್ಲಿ ಮಧ್ಯಾಹ್ನ. ಆಗಲೇ ಮಗಳನ್ನು ಲಾರಿಯಲ್ಲಿ ಮಲಗಿಸಿಕೊಂಡು ಹೋಗಿದ್ದರು.

ಬದಲಿ ಲೈನಿನ ಪರೀಕ್ಷೆ ನನ್ನ ಕೆಲಸ. ನಿನ್ನೆ ಸೋಮವಾರವೂ ಹಾಲಸ್ವಾಮಿಯವರನ್ನು ಕರೆದು ಮಾಡಿದೆ.

“ಕೇಳ್ತೈತೇನ್ರೀ?”

“ಪಕ್ಕದಾಗೆ ಕುಂತಂಗೈತ್ರಿ. ಕಾಫಿ ಆತಾ?”

ಅಷ್ಟಕ್ಕೇ ರಿಜಿಸ್ಟರಿನಲ್ಲಿ ‘ಸರಿ’ ಎಂದು ಬರೆದೆ. ಅಲ್ಲಿಂದ ದಾವಣಗೆರೆಗೆ ಕೊಡಿ ಎಂದು ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ನೇರ ಲೈನ್ ಇತ್ತಲ್ಲ.

ರಿಜಿಸ್ಟರ್ ತಿರುವಿದೆ. ಎಲ್ಲ ಪುಟದಲ್ಲೂ ನನ್ನದೇ ಅಕ್ಷರ. ಓಬವ್ವ ಬೈಯಲಿಲ್ಲ. ಆ ಲೈನ್ ಇದೆಯೆಂದು ಅವಳು ನಂಬಿದ್ದು ನನ್ನ ನಗು ಕೇಳಿ. ಬೈದಿದ್ದರೆ…

ನೇರ ಲೈನ್ ಸಂಜೆಗೆ ಜೋಡಿಸಿದ್ದಾರೆ. ನಾಳೆ ಬೀರಲಿಂಗಪ್ಪ ಹೊನ್ನಾಳಿಯಿಂದ ಆಚೆಗೆ ಹೊಸ ತಂತಿ ಎಳೆಯುತ್ತಾನೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ನೇರ ಲೈನ್ ಕಳಚಿಟ್ಟು, ಹೊನ್ನಾಳಿ ಮೂಲಕ ದಾವಣಗೆರೆ ಆಸ್ಪತ್ರೆಗೆ ಫೋನ್ ಮಾಡಬೇಕು.