ನಾನು ಹಾಕಿದ ಒಂಬತ್ತು ಚುಕ್ಕಿ

ಮಂಗಳವಾರ, ಮಧ್ಯಾಹ್ನ ಎರಡೂಮುಕ್ಕಾಲು
ನಿಮ್ಮ ಕೋಣೆ, ನಿಮ್ಮದೇ ಕುರ್ಚಿ

ಪ್ರೀತಿಯ ಡಾಕ್ಟರಕ್ಕ,

ಅಳಿಲಿನ ಅಮ್ಮನನ್ನು ಕರೆದುಕೊಂಡು ನೀವು ಹೊರಟು ಇಪ್ಪತ್ತು ನಿಮಿಷವಾಯಿತು. ಮೆಟ್ಟಿಲಿಳಿಯುತ್ತಲೇ, "ಇಲ್ಲೇ ಕೂತ್ಕೋ, ಫೋನ್ ಬಿಟ್ಟು ಏಳ್ಬೇಡ, ಗೊತ್ತಿರೋದನ್ನೆಲ್ಲ ಬರೆದಿಡು" ಅಂದಿರಿ. ಬರೆಯುತ್ತಿದ್ದೇನೆ. ನಿಮ್ಮ ಮುಖ ನೋಡಿ ಹೇಳಲಾಗದ್ದು ಇದು: ಅಳಿಲಿನ ಹೆಸರಿನ ಮುಂದೆ ಒಂಬತ್ತು ದಿನದಿಂದ ಬೀಳುತ್ತಿರುವ ಚುಕ್ಕಿ ಅವಳದ್ದಲ್ಲ. ನನ್ನದು.

ಈ ಕಾಗದವನ್ನು ನಾಳೆ ಬೇರೆಯವರೂ ಓದಬೇಕಾಗಬಹುದು. ಅವರಿಗೂ ತಿಳಿಯಲೆಂದು ಮೊದಲಿನಿಂದ ಬರೆಯುತ್ತೇನೆ. ಖಿನ್ನತೆಯ ಚಿಕಿತ್ಸೆಗೆ ನಿಮ್ಮ ಬಳಿ ಬರುವ ಮಕ್ಕಳು ಇಪ್ಪತ್ನಾಲ್ಕು. ವಾರಕ್ಕೊಮ್ಮೆ ನಿಮ್ಮೆದುರು ಮುಕ್ಕಾಲು ಗಂಟೆ, ಉಳಿದ ಆರು ದಿನ ಫೋನಿನ ಗುಂಪಿನಲ್ಲಿ ಒಬ್ಬರಿಗೊಬ್ಬರು. ಅಲ್ಲಿ ಅವರಿಗೆಲ್ಲ ತಾವೇ ಇಟ್ಟುಕೊಂಡ ಅಡ್ಡಹೆಸರುಗಳು; ಅಳಿಲು ಅನ್ನುವುದೂ ಹಾಗೆ ಬಂದದ್ದೇ. ದಿನಾ ಸಂಜೆ ಐದರೊಳಗೆ ಪ್ರತಿಯೊಬ್ಬರೂ ತಮ್ಮ ಹೆಸರಿನ ಮುಂದೆ ಒಂದು ಚುಕ್ಕಿ ಹಾಕಬೇಕು. ಮನಸ್ಸಿದ್ದರೆ ಬರೆಯಬಹುದು, ಇಲ್ಲದಿದ್ದರೆ ಚುಕ್ಕಿಯೇ ಸಾಕು, ಇವತ್ತೂ ಇದ್ದೇನೆ ಎಂದು ಹೇಳಲು. ಎರಡು ದಿನ ಚುಕ್ಕಿ ಬೀಳದಿದ್ದರೆ ನೀವು ಮನೆಗೆ ಫೋನ್ ಮಾಡುತ್ತೀರಿ. ಗುಂಪನ್ನು ನೋಡಿಕೊಳ್ಳುವವಳು ನಾನು. ಮೂರು ವರ್ಷದ ಹಿಂದೆ ಹೊರಗಿನ ಬೆಂಚಿನ ಮೇಲೆ ತಲೆ ಎತ್ತದೆ ಕೂತಿರುತ್ತಿದ್ದವಳೂ ನಾನೇ.

ಮನೆಗೆ ಫೋನ್ ಮಾಡುವ ಆ ನಿಯಮ ಬೇಡವೆಂದು ನಿಮ್ಮೊಡನೆ ಎಷ್ಟು ಜಗಳವಾಡಿದ್ದೆ. ಓದಿದ ಕರಪತ್ರಗಳನ್ನೆಲ್ಲ ನಿಮ್ಮ ಮೇಜಿನ ಮೇಲೆ ಹರಡಿ, ಮಕ್ಕಳನ್ನು ನೋಡಿಕೊಳ್ಳುವುದು ಬೇರೆ, ಕಾವಲು ಕಾಯುವುದು ಬೇರೆ ಎಂದು ಅರ್ಧ ಗಂಟೆ ಮಾತಾಡಿದ್ದೆ. ನೀವು ಪೂರ್ತಿ ಕೇಳಿ, "ಭಾಷಣ ಚೆನ್ನಾಗಿದೆ ಕಣೇ ಕರಪತ್ರ. ಕಸದಬುಟ್ಟಿ ತುಂಬಿದೆ, ಅದಕ್ಕೂ ಒಂಚೂರು ಭಾಷಣ ಮಾಡು" ಅಂದಿರಿ. ಅವತ್ತಿನಿಂದ ನನಗೆ ಅದೇ ಹೆಸರು. ನಿಯಮ ಮಾತ್ರ ಬದಲಾಗಲಿಲ್ಲ.

ಹತ್ತು ದಿನದ ಹಿಂದೆ ಅಳಿಲು ನಿಮ್ಮ ಕೋಣೆಯಿಂದ ಹೊರಬಂದು ನೀರಿನ ಫಿಲ್ಟರ್ ಹತ್ತಿರ ನನ್ನನ್ನು ತಡೆದಳು. "ಅಕ್ಕಾ, ಪರೀಕ್ಷೆ ಅಂತ ಅಮ್ಮ ಫೋನ್ ಕಿತ್ಕೋತಾಳೆ. ಚುಕ್ಕಿ ಬೀಳ್ಲಿಲ್ಲ ಅಂದ್ರೆ ಡಾಕ್ಟರಕ್ಕ ಮನೆಗೆ ಫೋನ್ ಮಾಡ್ತಾರೆ, ಆಮೇಲೆ ಮನೇಲಿ ರಾಮಾಯಣ. ನೀನೇ ಹಾಕ್ಬಿಡು, ಪ್ಲೀಸ್" ಅಂದಳು. ಪಾಸ್‌ವರ್ಡನ್ನು ನನ್ನ ಅಂಗೈ ಮೇಲೆ ಪೆನ್ನಿನಲ್ಲಿ ಬರೆದಳು. ನನಗೆ ಹೆಮ್ಮೆಯಾಯಿತು ಅಕ್ಕ. ದೊಡ್ಡವರನ್ನು ನಂಬದ ಹುಡುಗಿ ನನ್ನನ್ನು ನಂಬಿದಳಲ್ಲ ಎಂದು ಬೀಗಿದೆ. ಕೈ ತೊಳೆದ ಮೇಲೂ ಪಾಸ್‌ವರ್ಡ್ ನೆನಪಿತ್ತು; ಮರುದಿನದಿಂದಲೇ ಅವಳ ಚುಕ್ಕಿ ಹಾಕತೊಡಗಿದೆ.

ಪರೀಕ್ಷೆ ಅಂತಲೇ ಹೋದ ವಾರ ಅವಳು ನಿಮ್ಮ ಬಳಿಯೂ ಬರಲಿಲ್ಲ. ಚುಕ್ಕಿ ಬೀಳುತ್ತಿದೆಯಲ್ಲ ಎಂದು ನೀವು ಸುಮ್ಮನಾದಿರಿ.

ಇವತ್ತು ಅವಳ ಅಮ್ಮ ಬಾಗಿಲಲ್ಲಿ ನಿಂತು, ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಹೊರಟ ಮಗಳು ಶಾಲೆ ತಲುಪಿಲ್ಲ, ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಾಳೆ ಅಂದರು. ನೀವು ಪಟ್ಟಿ ತೆರೆದು, ನಿನ್ನೆಯವರೆಗೂ ಚುಕ್ಕಿ ಇದೆ ಎಂದು ಸಮಾಧಾನ ಹೇಳಿದಿರಿ. ನಾನು ಬಾಯಿ ತಪ್ಪಿ ಅವರಿಗೆ, "ಫೋನ್ ನಿಮ್ಮ ಹತ್ರ ಇತ್ತಲ್ಲ" ಅಂದೆ. ಆ ತಾಯಿ ನನ್ನನ್ನೇ ನೋಡಿದರು. "ನಾವ್ಯಾವತ್ತಮ್ಮ ಅವಳ ಫೋನ್ ಕಿತ್ಕೊಂಡಿದೀವಿ? ಪರೀಕ್ಷೆ ಮುಗಿದು ತಿಂಗಳಾಯ್ತು" ಅಂದರು. ಮೆಟ್ಟಿಲ ಮೇಲೆ ನಿಮಗೆ ಹೇಳಿದ್ದು, ಅವಳು ಈಚೆಗೆ ಅಷ್ಟಾಗಿ ಬರೆಯುತ್ತಿರಲಿಲ್ಲ ಎಂದಷ್ಟೇ.

ಮೂರು ಗಂಟೆ. ಫೋನ್ ಸುಮ್ಮನಿದೆ. ಯಾರೂ ಯಾರ ಜಾಗವನ್ನೂ ಕೇಳಬಾರದು ಎಂಬುದು ನಾನೇ ಬರೆದ ನಿಯಮ. ಅದನ್ನು ಮುರಿದು ಈಗಷ್ಟೇ ಗುಂಪಿನಲ್ಲಿ ಬರೆದೆ: "ಅಳಿಲಿನ ಚುಕ್ಕಿ ಇಷ್ಟು ದಿನ ನಾನು ಹಾಕ್ತಿದ್ದೆ. ಇವತ್ತು ಅವಳು ಕಾಣ್ತಿಲ್ಲ. ಎಲ್ಲಿಗೆ ಹೋಗ್ತಾಳೆ ಅಂತ ಯಾರಿಗಾದ್ರೂ ಗೊತ್ತಾ?" ಹನ್ನೊಂದು ಮಕ್ಕಳು ಓದಿದ್ದಾರೆ.

ಮೂರೂ ಹತ್ತು. ತನಗೆ ತಾನೇ ಗೂಬೆ ಎಂದು ಹೆಸರಿಟ್ಟುಕೊಂಡ ಹುಡುಗಿ ಬರೆದಳು: "ನಿನ್ನನ್ನ ಇನ್ನು ನಂಬಲ್ಲ. ಆದ್ರೂ ಹೇಳ್ತೀನಿ. ರಿಪೇರಿಗೆ ಅಂತ ಮುಚ್ಚಿರೋ ಈಜುಕೊಳ. ಹಿಂದಿನ ಗೇಟು, ಮೇಲಿನ ಸಾಲಿನ ಬೆಂಚು. ಅಲ್ಲಿ ಕೂತ್ರೆ ತಲೆ ಒಳಗೆ ಸದ್ದಿರಲ್ಲ ಅಂತಿದ್ಲು." ಕೂಡಲೇ ನಿಮಗೆ ಫೋನ್ ಮಾಡಿದೆ. ನೀವು "ಸರಿ" ಎಂದಷ್ಟೇ ಹೇಳಿ ಇಟ್ಟಿರಿ.

ಅಲ್ಲಿಂದೀಚೆಗೆ ಗಡಿಯಾರ ಬಿಟ್ಟು ಬೇರೇನೂ ನೋಡಿಲ್ಲ. ಐದು ಗಂಟೆ ಆಗಿಲ್ಲದಿದ್ದರೂ ಮಕ್ಕಳು ಒಬ್ಬೊಬ್ಬರಾಗಿ ಇವತ್ತಿನ ಚುಕ್ಕಿ ಹಾಕಿ ಮುಗಿಸಿದರು. ಯಾರೂ ಹೇಳಿಕೊಟ್ಟದ್ದಲ್ಲ. ಎಷ್ಟು ಸಲ ಎಣಿಸಿದರೂ ಒಂದು ಕಡಿಮೆ.

ಮೂರೂ ನಲವತ್ತು. ನಿಮ್ಮ ಫೋನ್ ಬಂತು. "ಸಿಕ್ಕಿದ್ಲು. ಬ್ಯಾಗು ತೊಡೆ ಮೇಲಿಟ್ಕೊಂಡು ಕೂತಿದ್ದಾಳೆ. ಮಾತಾಡ್ತಿಲ್ಲ, ಆದ್ರೆ ನನ್ನ ಕೈ ಬಿಡ್ತಿಲ್ಲ" ಅಂದಿರಿ. ಅವಳ ಹೆಸರಿನ ಮುಂದಿನ ಜಾಗ ಇನ್ನೂ ಖಾಲಿಯಿದೆ. ಅಭ್ಯಾಸಬಲದಿಂದ ಬೆರಳು ಅಲ್ಲಿಗೆ ಹೋಯಿತು, ಹಿಂದಕ್ಕೆಳೆದುಕೊಂಡೆ. ಇನ್ನು ಗುಂಪನ್ನು ನೋಡಿಕೊಳ್ಳುವವಳು ನಾನಲ್ಲ. ಅದಕ್ಕೊಂದು ಕೀಲಿಕೈ ಇದ್ದಿದ್ದರೆ ನಿಮ್ಮ ಡ್ರಾಯರಿನಲ್ಲಿ ಇಟ್ಟುಬಿಡುತ್ತಿದ್ದೆ. ಅದಿಲ್ಲದ್ದಕ್ಕೆ ಗುಂಪಿನ ಫೋನನ್ನೇ ಇಟ್ಟಿದ್ದೇನೆ.

ನಿಮ್ಮ,
ಕರಪತ್ರ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಅವಳು ನನ್ನನ್ನು ಏನಾದರೂ ಕೇಳಿದ್ದಳಾ ಎಂದು ಮೆಟ್ಟಿಲ ಮೇಲೆ ನೀವು ಕೇಳಿದಾಗ ಇಲ್ಲ ಅಂದೆ. ಕೇಳಿದ್ದಳು. ಗುರುವಾರ, ಅಮ್ಮ ಕಿತ್ತುಕೊಂಡಿದ್ದಾಳೆ ಅಂದಿದ್ದ ಅದೇ ಫೋನಿನಿಂದ. "ಅಕ್ಕಾ, ನಾನು ಇಲ್ದೆ ಹೋದ್ರೆ ಎಷ್ಟು ದಿನಕ್ಕೆ ಗೊತ್ತಾಗತ್ತೆ?" ಚುಕ್ಕಿಯ ಗುಟ್ಟು ಬಯಲಾಗುವ ಮಾತೇ ಇರಬೇಕೆಂದುಕೊಂಡು, ಒಂದು ನಗುವ ಮುಖ ಸೇರಿಸಿ ಉತ್ತರ ಕಳಿಸಿದೆ: "ನಾನಿರೋವರೆಗೂ ಯಾರಿಗೂ ಗೊತ್ತಾಗಲ್ಲ ಬಿಡು." ಅವಳಿಗೆ ಧೈರ್ಯ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ.